ಕರೆಂಟ್ ಡಾಕ್ಟರ್ ಹೆಂಡತಿಯ ಅನುಭವಪತ್ರ

ಗಾಡಿಗಳ ಎಲೆಕ್ಟ್ರಿಕಲ್ ಕೆಲಸ ಮಾಡುವ ಅವನನ್ನು ಬೀದಿಯವರು ಕರೆಂಟ್ ಡಾಕ್ಟರ್ ಎಂದು ಕರೆಯುತ್ತಿದ್ದರು. ಹೆಸರಿಟ್ಟವರು ತಮಾಷೆಗೆ ಇಟ್ಟಿರಬೇಕು. ಅವನು ಅದನ್ನು ಪದವಿಯೆಂದೇ ತಿಳಿದ. ಬಂದ ಗಾಡಿಯ ಬಾನೆಟ್ ಎತ್ತುವ ಮೊದಲು ಎರಡು ಬೆರಳಿನಿಂದ ಅದರ ಮೇಲೆ ತಟ್ಟಿ, ತಲೆ ಓರೆ ಮಾಡಿ ಆಲಿಸುತ್ತಿದ್ದ. ತಗಡಿನೊಳಗಿಂದ ಏನು ಕೇಳಿಸುತ್ತಿತ್ತೋ ಅವನಿಗೇ ಗೊತ್ತು. ಆಮೇಲೆ ತುಟಿ ಬಿಗಿದು, ಗಾಡಿ ಬಿಟ್ಟು ಹೋಗಿ, ನಾಳೆ ನೋಡೋಣ ಎನ್ನುತ್ತಿದ್ದ. ಗಿರಾಕಿಗಳಿಗೆ ಅದು ಆಳವಾದ ಯೋಚನೆಯಂತೆ ಕಾಣುತ್ತಿತ್ತು. ಆ ‘ನಾಳೆ’ ಯಾತಕ್ಕೆ ಬೇಕು ಎಂಬುದು ಅವನ ಹೆಂಡತಿಗೆ ಮಾತ್ರ ಗೊತ್ತಿತ್ತು.

ನಾಳೆಯ ಮೊದಲು ಒಂದು ಊಟ ಬರುತ್ತದಲ್ಲ. ತಟ್ಟೆಯ ಮುಂದೆ ಕೂತು ಅವನು ಗೋಡೆಗೆ ಹೇಳುವಂತೆ ಹೇಳುತ್ತಿದ್ದ: ಒಂದು ಕಾರು ಬಂದಿದೆ, ಬ್ರೇಕ್ ಒತ್ತಿದರೆ ಡ್ಯಾಶ್‌ಬೋರ್ಡಿನ ದೀಪ ಹತ್ತಿಕೊಳ್ಳುತ್ತದೆ, ವಿಚಿತ್ರ. ಪ್ರಶ್ನೆ ಕೇಳುತ್ತಿರಲಿಲ್ಲ. ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿಲ್ಲ ಎಂದಾಗುತ್ತದೆ. ಅವಳು ಬಡಿಸುತ್ತಾ, ಹಿಂಬದಿಯ ಬಲ್ಬು ಯಾವಾಗ ಬದಲಾಯಿಸಿದರಂತೆ ಎಂದು ಕೇಳುತ್ತಿದ್ದಳು. ಹೋದ ವಾರ ಎಂದರೆ, ಎರಡು ಎಳೆಯ ಬಲ್ಬು ಇರಬೇಕಾದ ಕಡೆ ಒಂದೆಳೆಯದ್ದನ್ನು ತುರುಕಿದ್ದಾರೆ, ಅದನ್ನು ತೆಗೆದು ನೋಡಿ ಎನ್ನುತ್ತಿದ್ದಳು. ಅವನು ಕೇಳಿಸಿಕೊಂಡಂತೆ ಕಾಣುತ್ತಿರಲಿಲ್ಲ. ಇನ್ನೊಂದು ತುತ್ತು ಬಾಯಿಗಿಟ್ಟು, ಉಪ್ಪು ಸ್ವಲ್ಪ ಕಡಿಮೆ ಎನ್ನುತ್ತಿದ್ದ. ಮರುದಿನ ಬೆಳಿಗ್ಗೆ ಗಿರಾಕಿಯ ಎದುರಿಗೆ ಬಾನೆಟ್ ತಟ್ಟಿ, ಕಣ್ಣು ಮುಚ್ಚಿ, ನೇರ ಹಿಂದೆ ಹೋಗಿ ಬಲ್ಬನ್ನು ಕಿತ್ತು ಅಂಗೈಯಲ್ಲಿ ಹಿಡಿದು ತೋರಿಸುತ್ತಿದ್ದ. ನೋಡಿದವರು ಬಾಯಿ ಬಿಡುತ್ತಿದ್ದರು.

ಇಪ್ಪತ್ತೆರಡು ವರ್ಷ ಆ ಅಂಗಡಿ ನಡೆದದ್ದು ಹೀಗೆ.

ಅವಳ ಅಪ್ಪ ಫ್ಯಾನು, ಪಂಪುಗಳ ಮೋಟರ್ ಸುತ್ತುತ್ತಿದ್ದವರು. ಗಂಡುಮಕ್ಕಳಿಲ್ಲದ್ದರಿಂದ ಮಗಳ ಕೈಗೆ ತಾಮ್ರದ ತಂತಿ ಬಂತು. ಹತ್ತನೆಯ ವಯಸ್ಸಿಗೆ ಸುತ್ತು ಎಣಿಸುವುದು ಕಲಿತಳು, ಹದಿನೈದಕ್ಕೆ ಸುಟ್ಟ ಕಾಯಿಲ್ ಮೂಸಿ ಅದು ಸುಟ್ಟು ಎಷ್ಟು ದಿನವಾಯಿತು ಎಂದು ಹೇಳುತ್ತಿದ್ದಳು. ಇಪ್ಪತ್ತೆರಡಕ್ಕೆ ಮದುವೆಯಾಗಿ ಬಂದಾಗ ಈ ಮನೆಯವರಿಗೆ ಅವಳ ವಿದ್ಯೆಯ ಬಗ್ಗೆ ತಿಳಿದಿದ್ದು ಇಷ್ಟೇ: ಹುಡುಗಿ ಕೈಕೆಲಸ ಬಲ್ಲಳು. ಅಡುಗೆಮನೆಗೂ ಅಂಗಡಿಗೂ ನಡುವೆ ಒಂದು ಕತ್ತಲ ಕೋಣೆ ಇತ್ತು, ಅಂಗಡಿಯ ಕಡೆಗೆ ಒಂದು ಸಣ್ಣ ಕಿಟಕಿ. ಅಲ್ಲಿ ಒಂದು ಮೇಜು ಹಾಕಿಕೊಟ್ಟರು. ಡೈನಮೊ ಕಾಯಿಲ್ ಸುತ್ತುವುದು, ತುಕ್ಕು ಹಿಡಿದ ಹೋಲ್ಡರ್ ತಿಕ್ಕುವುದು, ಇಲಿ ಕಡಿದ ತಂತಿಯ ಗೊಂಚಲನ್ನು ಎಳೆ ಎಳೆಯಾಗಿ ಬಿಡಿಸಿ ಬೆಸೆಯುವುದು, ಎಲ್ಲ ಅಲ್ಲೇ. ಒಲೆಯ ಮೇಲೆ ಏನೋ ಉಕ್ಕಿದರೆ ಬೆಸುಗೆ ಕಡ್ಡಿಯನ್ನು ಕೆಳಗಿಟ್ಟು ಓಡಬೇಕು, ಉಕ್ಕಿದ್ದನ್ನು ಒರೆಸಿ ಬರುವಷ್ಟರಲ್ಲಿ ಕಡ್ಡಿ ಆರಿರುತ್ತಿತ್ತು. ಗಿರಾಕಿಗಳಿಗೆ ಗಂಡ ಹೇಳುತ್ತಿದ್ದುದು, ಕಾಯಿಲ್ ಒಳಗೆ ಸುತ್ತಿಸ್ತೀನಿ ಎಂದು. ಒಳಗೆ ಒಂದು ಯಂತ್ರ ಇಟ್ಟಿದ್ದಾನೆ ಎಂದೇ ಬಹಳ ಜನ ತಿಳಿದಿದ್ದರು. ತಿಳಿದದ್ದು ಅಷ್ಟೇನೂ ತಪ್ಪಲ್ಲ.

ಹೊಸದರಲ್ಲಿ ಊಟದ ಹೊತ್ತಿನ ಆ ಮಾತುಕತೆಯೇ ಅವಳಿಗೆ ಸಂಸಾರದ ಸುಖವಾಗಿತ್ತು. ಗಂಡ ತನ್ನ ತಲೆನೋವನ್ನು ನನ್ನೊಡನೆ ಹಂಚಿಕೊಳ್ಳುತ್ತಾನೆ ಎಂದು ತವರಿಗೆ ಕಾಗದ ಕೂಡ ಬರೆದಿದ್ದಳು. ಮೂರನೆಯ ವರ್ಷ ಒಂದು ದಿನ, ಚಹಾದ ಲೋಟ ಹಿಡಿದು ಬಾಗಿಲ ಹಿಂದೆ ನಿಂತಿದ್ದಾಗ, ಇದೆಲ್ಲ ಹೇಗೆ ಹೊಳೆಯುತ್ತೆ ಡಾಕ್ಟ್ರೇ ಎಂದು ಯಾರೋ ಕೇಳಿದ್ದು ಕಿವಿಗೆ ಬಿತ್ತು. ಅವನು ಹಣೆಗೆ ಬೆರಳು ಮುಟ್ಟಿಸಿಕೊಂಡು, "ಇದು ಕಲಿತು ಬರೋದಲ್ಲ ಸ್ವಾಮಿ, ಹುಟ್ಟಿನಿಂದ ಬರಬೇಕು" ಎಂದ. ಅವಳು ಲೋಟ ಇಟ್ಟು ಒಳಗೆ ಹೋದಳು. ಅಳಲಿಲ್ಲ, ಜಗಳವನ್ನೂ ಆಡಲಿಲ್ಲ. ಅಂದಿನಿಂದ ಅವನು ಬಾನೆಟ್ ತಟ್ಟುವಾಗಲೆಲ್ಲ ಕಿಟಕಿಯಿಂದ ನೋಡುತ್ತಿದ್ದಳು, ಬೀದಿಯಲ್ಲಿ ದೊಂಬರಾಟ ನೋಡುವ ಹಾಗೆ. ಒಂದು ವ್ಯತ್ಯಾಸ ಇತ್ತು. ದೊಂಬರು ಬಿದ್ದರೆ ಏಟು ಅವರಿಗೇ ಆಗುತ್ತದೆ.

ಅವಳಿಗೆ ನಲವತ್ತನಾಲ್ಕು ತುಂಬಿ ಹನ್ನೊಂದು ತಿಂಗಳಾಗಿದ್ದಾಗ ಬಸ್ ಡಿಪೋದ ಸುದ್ದಿ ಬಂತು. ತಂದವಳು ಲಾಂಡ್ರಿ ಅಕ್ಕ. ಆಸ್ಪತ್ರೆಗಳ ಹಾಸಿಗೆ ಬಟ್ಟೆಯನ್ನು ಒಗೆಯುವ ಕಾರ್ಖಾನೆಗೆ ಸ್ವಂತ ವ್ಯಾನಿನಲ್ಲಿ ಹೊತ್ತು, ಮಡಿ ಮಾಡಿದ್ದನ್ನು ವಾಪಸ್ಸು ಮುಟ್ಟಿಸುವ ಹೆಂಗಸು. ಗಂಡ ಸತ್ತ ಮೇಲೆ ಸ್ಟೇರಿಂಗ್ ಹಿಡಿದವಳು, ಬಾಯಿ ಜೋರು. ಡಿಪೋದ ಎಲೆಕ್ಟ್ರಿಕಲ್ ವಿಭಾಗಕ್ಕೆ ಜನ ಬೇಕಂತೆ, ಹೆಂಗಸರೂ ಅರ್ಜಿ ಹಾಕಬಹುದಂತೆ, ನಲವತ್ತೈದು ದಾಟಿರಬಾರದಂತೆ, ಶುಕ್ರವಾರ ಕೊನೆಯ ದಿನವಂತೆ. ಶಾಲೆಯ ಸರ್ಟಿಫಿಕೇಟ್ ಜೊತೆಗೆ, ಲೈಸೆನ್ಸ್ ಇರುವ ಅಂಗಡಿಯ ಮಾಲೀಕರಿಂದ ಅನುಭವಪತ್ರ ಬೇಕು. ಆಮೇಲೆ ಬಸ್ಸಿನ ಮೇಲೇ ಪರೀಕ್ಷೆ. ಪರೀಕ್ಷೆಗೆ ಅವಳು ಹೆದರಲಿಲ್ಲ. ಮುಂದಿನ ಸಲ ಕರೆಯುವಷ್ಟರಲ್ಲಿ ತನಗೆ ವಯಸ್ಸು ಮೀರಿರುತ್ತದೆ ಎಂಬುದನ್ನು ಮಾತ್ರ ಬೆರಳು ಮಡಿಸಿ ಎರಡು ಸಲ ಲೆಕ್ಕ ಹಾಕಿದಳು.

ಸೋಮವಾರ ಬೆಳಿಗ್ಗೆ ಗಂಡನನ್ನು ಪತ್ರ ಕೇಳಿದಳು. ಅವನು ಮೊದಲು ನಕ್ಕ. ಆಮೇಲೆ ಅವಳು ನಗುತ್ತಿಲ್ಲ ಎಂದು ಕಂಡು, "ಏನಂತ ಬರೀಲಿ? ಯಾವ ಅನುಭವ ನಿಂಗೆ? ಚಹಾ ಕಾಸಿದ ಅನುಭವಾನಾ?" ಎಂದ.

ಅವಳ ಅತ್ತೆ ಮೂಲೆಯಲ್ಲಿ ಕೂತು ಕಾಲು ನೀವಿಕೊಳ್ಳುತ್ತಿದ್ದವರು, ಅಂಗಡಿಯ ಸೀಲು ಹೆಂಗಸರ ಕೈಗೆ ಕೊಡುವುದಕ್ಕಲ್ಲ ಎಂದರು. ಮನೆ ಯಾರು ನೋಡಿಕೊಳ್ಳುತ್ತಾರೆ, ತಮ್ಮ ಮಾತ್ರೆ ಯಾರು ಕೊಡುತ್ತಾರೆ ಎಂದೂ ಕೇಳಿದರು. ಮಾತ್ರೆಯ ಡಬ್ಬಿ ಅವರ ಮೊಣಕೈಯ ಪಕ್ಕದಲ್ಲೇ ಇತ್ತು. ತಾಯಿ ಮಗ ಇಬ್ಬರೂ ಮಾತು ಮುಗಿಯಿತೆಂದು ತಿಂಡಿಗೆ ಕೂತರು. ಅವಳು ಬಡಿಸಿದಳು.

ಅದೇ ದಿನ ಮಧ್ಯಾಹ್ನ ಲಾಂಡ್ರಿ ಅಕ್ಕನ ವ್ಯಾನು ಅಂಗಡಿಗೆ ಬಂತು. ಹದಿನೆಂಟು ವರ್ಷ ಹಳೆಯ ಗಾಡಿ. ಊಟಕ್ಕೆ ಕೂತು ಗಂಡ ಎಂದಿನಂತೆ ಗೋಡೆಗೆ ಹೇಳಿದ: ತಲೆದೀಪ ಹಾಕಿದರೆ ಡೀಸೆಲ್ ಮುಳ್ಳು ತಾನಾಗಿ ಮೇಲೇರುತ್ತದೆ. ಇಂಡಿಕೇಟರ್ ಹಾಕಿ ಬ್ರೇಕ್ ಒತ್ತಿದರೆ ಇಂಡಿಕೇಟರ್ ನಿಂತು ಒಳಗಿನ ದೀಪ ಮಿಣುಕುತ್ತದೆ. ವೈಪರ್ ನಡುವಲ್ಲಿ ನಿದ್ದೆ ಹೋಗುತ್ತದೆ. ಆಕ್ಸಿಲರೇಟರ್ ಒತ್ತಿದರೆ ದೀಪಕ್ಕೆ ಜೀವ ಬರುತ್ತದೆ, ಬಿಟ್ಟರೆ ಸಾಯುತ್ತದೆ.

ಅವಳ ತಲೆಯಲ್ಲಿ ಪ್ರಶ್ನೆ ಆಗಲೇ ಎದ್ದು ಕೂತಿತ್ತು. ಇಂಜಿನ್ ಬಂದ್ ಇರುವಾಗ ಒತ್ತಿ ನೋಡಿದಿರಾ? ನಾಲಗೆಯ ತುದಿಗೆ ಬಂದದ್ದನ್ನು ನುಂಗಿದಳು. ಅವನು ಕಾದ. ಇನ್ನೊಮ್ಮೆ ಮುಳ್ಳಿನ ವಿಷಯ ಹೇಳಿದ. ಮೂರನೆಯ ಸಲ ಸ್ವಲ್ಪ ಗಟ್ಟಿಯಾಗಿ ಹೇಳಿದ.

"ನಂಗೇನು ಗೊತ್ತಾಗುತ್ತೆ ರೀ," ಅಂದಳು ಅವಳು. "ನಂಗೆ ಅನುಭವ ಇಲ್ಲ."

ಮುಖಕ್ಕೆ ನೀರು ಎರಚಿದಂತಾಯಿತು ಅವನಿಗೆ. ಉಪ್ಪಿನ ಬಗ್ಗೆ ಹೇಳುವುದನ್ನೂ ಮರೆತ.

ಆಮೇಲೆ ಎರಡು ದಿನ ಕಿಟಕಿಯಿಂದ ಕಂಡದ್ದು ನಿಜಕ್ಕೂ ನೋಡುವಂಥದ್ದು. ಮಂಗಳವಾರ ಅವನು ಬಾನೆಟ್ ತಟ್ಟಿದ, ಆಲಿಸಿದ, ಬ್ಯಾಟರಿ ಬದಲಾಯಿಸಿದ. ದೀಪ ಹಾಗೇ ಸತ್ತಿತು. ಡೈನಮೊ ಬದಲಾಯಿಸಿದ, ಇಂಜಿನ್ ಓಡಿದಾಗ ದೀಪ ಉರಿಯುತ್ತದೆ ಎಂದಮೇಲೆ ಡೈನಮೊದ್ದೇ ದೋಷ ಎಂದು ನಿಂತವರಿಗೆಲ್ಲ ಪಾಠ ಹೇಳಿದ. ಮುಳ್ಳು ಮತ್ತೆ ಮೇಲೇರಿತು. ವೈಪರ್ ಮೋಟರ್ ಹೊಸದು ಬಂತು. ಹೊಸ ಮೋಟರೂ ಹಳೆಯದರ ಹಾಗೇ ನಿದ್ದೆ ಹೋಯಿತು. ಎಲ್ಲಕ್ಕಿಂತ ಚಂದ ಏನೆಂದರೆ, ಅವನು ಹಾಗೆ ಮೊಣಕೈವರೆಗೆ ಕೈ ಹಾಕಿ ತಡಕಾಡುತ್ತಿದ್ದ ಇಂಜಿನ್ ಕೋಣೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹಿಂದಿನ ತಿಂಗಳು ಇದೇ ವ್ಯಾನು ಬಂದಾಗ, ಡಾಕ್ಟರ ಕೈ ದಾಟಿದ ಗಾಡಿ ಒಳಗಿನಿಂದಲೂ ಲಕಲಕ ಅನ್ನಬೇಕು ಎಂದು ಅದರ ಭಾಗಗಳನ್ನೆಲ್ಲ ಬಿಚ್ಚಿ ತಾನೇ ಎರಡು ಕೋಟ್ ಕಪ್ಪು ಬಣ್ಣ ಬಳಿದಿದ್ದ. ಬಣ್ಣ ಬಳಿಯುವುದರಲ್ಲಿ ಅವನಿಗೆ ಯಾರ ಸಹಾಯವೂ ಬೇಕಾಗಿರಲಿಲ್ಲ.

ಬುಧವಾರ ಸಂಜೆ ಎಲ್ಲವೂ ಹೇಗೋ ಐದು ನಿಮಿಷ ಸರಿಯಾಗಿದ್ದ ಗಳಿಗೆ ನೋಡಿ, ವಾಸಿಯಾಯಿತು ತಗೊಂಡು ಹೋಗಿ ಎಂದು ವ್ಯಾನನ್ನು ಸಾಗಹಾಕಿದ. ಆ ಊಟದ ಹೊತ್ತಿಗೆ ಬಹಳ ಮಾತಾಡಿದ. ಹಳೇ ಗಾಡಿಗಳಿಗೆ ಹುಚ್ಚು ಹಿಡಿಯುತ್ತೆ, ಅದಕ್ಕೆ ಮದ್ದಿಲ್ಲ ಅಂದ. ಅತ್ತೆ ಹೌದು ಮಗಾ ಅಂದರು. ಅವಳು ತನ್ನ ತಟ್ಟೆ ತೊಳೆದಿಟ್ಟು ಮಲಗಿದಳು. ಇನ್ನು ಎರಡೇ ದಿನ. ಬಾಯಿ ಮುಚ್ಚಿಕೊಂಡಿರುವುದು ಬಿಟ್ಟರೆ ಅವಳ ಕೈಯಲ್ಲಿ ಬೇರೆ ಅಸ್ತ್ರ ಇರಲಿಲ್ಲ. ಇವನು ತಾನಾಗಿ ಬಂದು, ಪತ್ರ ಬರ್ಕೊಡ್ತೀನಿ, ಆ ವ್ಯಾನಿಗೆ ಏನಾಗಿದೆ ಹೇಳು ಅನ್ನುವವರೆಗೆ ಬಾಯಿ ಬಿಡಬಾರದು ಎಂದುಕೊಂಡಿದ್ದಳು. ಅವನನ್ನು ಇಪ್ಪತ್ತೆರಡು ವರ್ಷ ನೋಡಿಯೂ ಅಷ್ಟು ನಿರೀಕ್ಷೆ ಇಟ್ಟುಕೊಂಡಳಲ್ಲ, ಅದೊಂದು ಅವಳ ತಪ್ಪು.

ಗುರುವಾರ ಹನ್ನೊಂದು ಗಂಟೆಗೆ ವ್ಯಾನು ವಾಪಸ್ಸು ಬಂತು. ಲಾಂಡ್ರಿ ಅಕ್ಕ ಇಳಿದವಳು ಎಂದಿನಂತೆ ಕೂಗಾಡಲಿಲ್ಲ. ಅಂಗಡಿಯ ಸ್ಟೂಲಿನ ಮೇಲೆ ಕೂತು ನೀರು ಕೇಳಿದಳು. ಅಲ್ಲಿ ಕಾರಿನವನೊಬ್ಬ, ಮೂರುಚಕ್ರದ ಗಾಡಿಯವರಿಬ್ಬರು ಕಾಯುತ್ತಿದ್ದರು. ಡಾಕ್ಟರ ಹೆಂಡತಿ ತಂದ ನೀರನ್ನು ಅಕ್ಕ ಒಂದೇ ಉಸಿರಿಗೆ ಕುಡಿದು ಲೋಟ ವಾಪಸ್ಸು ಕೊಟ್ಟಳು. ದೊಡ್ಡ ಆಸ್ಪತ್ರೆಯ ಮುಂದಿನ ಕೂಡುರಸ್ತೆಯಲ್ಲಿ, ಬೆಳಗಿನ ಮಂಜು ಇತ್ತೆಂದು ತಲೆದೀಪ ಹಾಕಿಕೊಂಡು ಬರುತ್ತಿದ್ದಾಗ, ಕಾಲು ತೆಗೆದರೂ ಪೆಡಲ್ ಮೇಲೆ ಬರಲಿಲ್ಲವಂತೆ. ವ್ಯಾನು ತಾನಾಗಿ ಓಡಿತಂತೆ. ಹೆಂಗಸೊಬ್ಬಳು ಗಾಲಿ ಕುರ್ಚಿ ತಳ್ಳಿಕೊಂಡು ದಾಟುತ್ತಿದ್ದಳಂತೆ. ಕೀ ತಿರುಗಿಸಿ ಇಂಜಿನ್ ಆರಿಸಿ, ಬ್ರೇಕಿನ ಮೇಲೆ ನಿಂತು, ಒಂದು ಮಾರು ದೂರದಲ್ಲಿ ನಿಲ್ಲಿಸಿದಳಂತೆ. ಬಾನೆಟ್ ಎತ್ತಿ ಆಕ್ಸಿಲರೇಟರ್ ಕೇಬಲ್ ಮುಟ್ಟಿದರೆ ಕೈ ಸುಟ್ಟಿತಂತೆ. ಅದು ಆರಿ ಪೆಡಲ್ ಸಡಿಲವಾದ ಮೇಲೆ ದೀಪ ಹಾಕದೆ ಮೆಲ್ಲಗೆ ಇಲ್ಲಿಗೆ ತಂದಳಂತೆ. ಅಂಗೈ ತೋರಿಸಿದಳು, ಕೆಂಪಗೆ ಗೆರೆ ಬಿದ್ದಿತ್ತು.

ಗಂಡ ಬಾನೆಟ್ ಮೇಲೆ ಎರಡು ಬೆರಳಿಟ್ಟು ತಟ್ಟಿದ. "ನಾಳೆ ನೋಡೋಣ," ಅಂದ.

ಕಿಟಕಿಯ ಹಿಂದೆ ನಿಲ್ಲಬೇಕಾದವಳು ಅಂಗಡಿಯ ನಡುವೆ ನಿಂತಿದ್ದಳು, ಖಾಲಿ ಲೋಟ ಹಿಡಿದು. ಕೇಬಲ್ ಸುಡುತ್ತದೆ ಎಂದ ಕೂಡಲೇ ಅವಳಿಗೆ ಇಡೀ ಗಾಡಿ ಗಾಜಿನದಾಗಿ ಕಂಡಿತು. ಬ್ಯಾಟರಿಯಿಂದ ದೀಪಕ್ಕೆ ಹೋದ ಕರೆಂಟು ತಿರುಗಿ ಬ್ಯಾಟರಿಗೆ ಬರಬೇಕು. ಗಾಡಿಯಲ್ಲಿ ಆ ವಾಪಸ್ಸು ದಾರಿ ಎಂದರೆ ಗಾಡಿಯ ಮೈಯೇ, ಅದನ್ನು ಅರ್ತ್ ಅನ್ನುತ್ತಾರೆ. ಮೈಯಿಂದ ಇಂಜಿನ್ನಿಗೆ, ಅಲ್ಲಿಂದ ಬ್ಯಾಟರಿಗೆ ಹೋಗುವ ದಾರಿ ಮುಚ್ಚಿದರೆ ಕರೆಂಟು ಸುಮ್ಮನೆ ಕೂರುವುದಿಲ್ಲ, ಸಿಕ್ಕ ಸಂದಿಯಲ್ಲಿ ನುಗ್ಗುತ್ತದೆ. ಪೆಡಲಿನಿಂದ ಇಂಜಿನ್ನಿಗೆ ಹೋಗುವ ತೆಳ್ಳಗಿನ ಉಕ್ಕಿನ ಕೇಬಲ್ಲಿನಲ್ಲಿ ನುಗ್ಗುತ್ತಿದೆ. ಪೆಡಲ್ ಒತ್ತಿ ಕೇಬಲ್ ಬಿಗಿಯಾದಾಗ ದಾರಿ ಸ್ವಲ್ಪ ಸಲೀಸಾಗಿ ದೀಪ ಉರಿಯುತ್ತದೆ. ಮಾಡದ ಕೆಲಸ ಮಾಡಿ ಮಾಡಿ ಕೇಬಲ್ ಕಾಯುತ್ತದೆ, ಅದರ ಕವಚ ಕರಗಿ ಅಂಟುತ್ತದೆ.

ಸೋಮವಾರವೇ ಬಾಯಿ ಬಿಟ್ಟಿದ್ದರೆ ಆ ಗಾಲಿ ಕುರ್ಚಿಯ ಮುಂದೆ ಈ ವ್ಯಾನು ಬರುತ್ತಿರಲಿಲ್ಲ. ಇದೂ ಅವಳಿಗೆ ಹೊಳೆಯಿತು. ಇನ್ನೂ ಒಂದು ದಿನ ಸುಮ್ಮನಿದ್ದರೆ ಪತ್ರ ಸಿಕ್ಕರೂ ಸಿಗಬಹುದು. ಮಧ್ಯಾಹ್ನ ಊಟಕ್ಕೆ ಬಡಿಸುತ್ತಾ ಹೇಳಿದರೆ ಡಾಕ್ಟರಿಗೆ ಇನ್ನೊಂದು ಕೀರ್ತಿ ಸಿಗುತ್ತದೆ, ಅವಳಿಗೆ ತೊಳೆಯಲು ಬೋಗುಣಿ. ಲೋಟವನ್ನು ಕಾರಿನವನ ಕೈಗೆ ಕೊಟ್ಟಳು. ಅವನೂ ಏನೆಂದು ತಿಳಿಯದೆ ಹಿಡಿದುಕೊಂಡ.

"ಅಕ್ಕ, ಹತ್ತಿ ಕೂರಿ," ಅಂದಳು. "ಇಂಜಿನ್ ಬೇಡ. ಕೀ ಅರ್ಧ ತಿರುಗಿಸಿ ದೀಪ ಹಾಕಿ."

ಅಕ್ಕ ಒಮ್ಮೆ ಡಾಕ್ಟರ ಮುಖ ನೋಡಿ, ಒಮ್ಮೆ ಇವಳ ಮುಖ ನೋಡಿ, ಹತ್ತಿ ಕೂತಳು. ದೀಪ ಕೆಂಪಗೆ, ರೋಗಿಷ್ಟವಾಗಿ ಹತ್ತಿತು. ಪೆಡಲ್ ಒತ್ತಿ ಎಂದಳು. ಒತ್ತಿದಾಗ ದೀಪ ಬೆಳ್ಳಗಾಯಿತು. ಬಿಟ್ಟಾಗ ಕೆಂಪಾಯಿತು. ಇಂಜಿನ್ ಸದ್ದೇ ಇಲ್ಲ. ಎರಡು ದಿನದ ಡೈನಮೊ ಪಾಠ ಅಲ್ಲೇ ಎಲ್ಲರ ಕಣ್ಣೆದುರು ಸತ್ತುಬಿತ್ತು. ಮೂರುಚಕ್ರದವರಲ್ಲಿ ಒಬ್ಬ ಕೆಮ್ಮಿದ.

"ಒಳಗೆ ಹೋಗು ನೀನು," ಅಂದ ಗಂಡ, ಹಲ್ಲು ಕಚ್ಚಿ ಮೆಲ್ಲಗೆ.

"ಆ ಟೆಸ್ಟ್ ಲ್ಯಾಂಪ್ ಕೊಡಿ ರೀ," ಅಂದಳು ಅವಳು.

ಗಿರಾಕಿಗಳು ನೋಡುತ್ತಿದ್ದರು. ಕೊಡದಿದ್ದರೆ ಚೆನ್ನಾಗಿರುವುದಿಲ್ಲ. ಕೊಟ್ಟ. ಅವಳು ಆ ಸಣ್ಣ ಬಲ್ಬಿನ ಒಂದು ತಂತಿಯನ್ನು ಬ್ಯಾಟರಿಯ ಅರ್ತ್ ಕಡೆಗೆ ಚುಚ್ಚಿ, ಇನ್ನೊಂದನ್ನು ಗಾಡಿಯ ಮೈಯ ಒಂದು ಸ್ಕ್ರೂವಿಗೆ ಒತ್ತಿದಳು. ಎರಡೂ ಒಂದೇ ದಾರಿಯ ಎರಡು ತುದಿ, ಅಲ್ಲಿ ಬಲ್ಬು ಹತ್ತಲೇಬಾರದು. ಮಿಣ್ಣಗೆ ಹತ್ತಿತು. ಅಕ್ಕ ಬ್ರೇಕ್ ಒತ್ತಿದಾಗ ಇನ್ನಷ್ಟು ಹತ್ತಿತು. ಅವಳು ಅಕ್ಕನ ಕೈಲಿ ದೀಪ ಆರಿಸಿ, ಸ್ಪ್ಯಾನರ್ ತೆಗೆದುಕೊಂಡು ಇಂಜಿನ್ನಿನ ಮಗ್ಗುಲಿಗೆ ಬಗ್ಗಿ, ಹೆಣೆದ ತಾಮ್ರದ ಅಗಲ ಪಟ್ಟಿಯನ್ನು ಬಿಚ್ಚಿದಳು. ಅದು ಗಾಡಿಯ ಮೈಗೆ ಕೂರುವ ಜಾಗದಲ್ಲಿ ಎರಡು ಕೋಟ್ ಕಪ್ಪು ಬಣ್ಣ ಲಕಲಕ ಹೊಳೆಯುತ್ತಿತ್ತು. ಒಂದು ಗೀರೂ ಇರಲಿಲ್ಲ. ಬಣ್ಣದ ಮೇಲೆ ಪಟ್ಟಿ ಕೂರಿಸಿ ಬೋಲ್ಟ್ ಬಿಗಿದಿದ್ದ, ಆ ಬೋಲ್ಟಿಗೂ ಬಣ್ಣ ಬಳಿದಿದ್ದ.

ಮರಳು ಕಾಗದ ತೆಗೆದುಕೊಂಡು ತಿಕ್ಕಲು ಶುರುಮಾಡಿದಳು. ತಳ ಹಿಡಿದ ಪಾತ್ರೆ ತಿಕ್ಕಿ ತಿಕ್ಕಿ ಪಳಗಿದ ಕೈ, ಬೆಳ್ಳಿಯ ಹಾಗೆ ಕಬ್ಬಿಣ ಕಾಣುವವರೆಗೆ ಬಿಡಲಿಲ್ಲ. ಪಟ್ಟಿಯ ತುದಿ, ಬೋಲ್ಟು, ವಾಷರು ಎಲ್ಲವನ್ನೂ ತಿಕ್ಕಿ ಬಿಗಿದಳು. ಕರಗಿದ ಕೇಬಲ್ ಕಿತ್ತು ಹೊಸದು ಹಾಕಿದಳು. ಒಂದು ಗಂಟೆಯೂ ಹಿಡಿಯಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಅತ್ತೆ ಎರಡು ಸಲ, ಊಟಕ್ಕೆ ಹೊತ್ತಾಯಿತು ಎಂದು ಕೂಗಿದರು.

ಅಕ್ಕ ದೀಪ, ಬ್ರೇಕ್, ಇಂಡಿಕೇಟರ್, ವೈಪರ್ ಎಲ್ಲ ಒಟ್ಟಿಗೆ ಹಾಕಿದಳು. ಎಲ್ಲವೂ ತಂತಮ್ಮ ಕೆಲಸ ಮಾಡಿದವು. ಡೀಸೆಲ್ ಮುಳ್ಳು ನಿಜ ಹೇಳಿತು. ಟೆಸ್ಟ್ ಲ್ಯಾಂಪ್ ಹತ್ತಲಿಲ್ಲ. ಅಕ್ಕ ಇಳಿದು ಬಂದು, ಬಣ್ಣದ ಪುಡಿ ಮೆತ್ತಿದ ಅವಳ ಕೈಯನ್ನೇ ನೋಡುತ್ತಾ, "ಇದನ್ನೆಲ್ಲ ಎಲ್ಲಿ ಕಲಿತ್ರಿ ತಂಗಿ?" ಎಂದು ಕೇಳಿದಳು.

ಅವಳು ಬಾಯಿ ತೆರೆಯುವ ಮೊದಲೇ ಡಾಕ್ಟರ ಬಾಯಿ ತೆರೆದಿತ್ತು. ಅಷ್ಟು ಹೊತ್ತಿನಿಂದ ಕಳೆದುಹೋಗಿದ್ದ ಧ್ವನಿ ಅವನಿಗೆ ಈಗ ಸಿಕ್ಕಿತ್ತು. "ಇನ್ನೆಲ್ಲಿ? ನನ್ನ ಹತ್ರಾನೇ," ಅಂದ. "ಇಪ್ಪತ್ತೆರಡು ವರ್ಷದಿಂದ ದಿನಾ ಕಲಿಸಿದೀನಿ. ಇವತ್ತು ಬೇಕಂತಲೇ ಅವಳ ಕೈಗೆ ಬಿಟ್ಟೆ, ಎಷ್ಟು ಕಲಿತಿದಾಳೆ ನೋಡೋಣ ಅಂತ." ಕಾರಿನವನ ಕಡೆಗೂ ಮೂರುಚಕ್ರದವರ ಕಡೆಗೂ ತಿರುಗಿ, ಇದು ತನ್ನ ಪದ್ಧತಿ, ಶಿಷ್ಯರ ಕೈಗೆ ಕೆಲಸ ಬಿಡದೆ ವಿದ್ಯೆ ಹತ್ತುವುದಿಲ್ಲ ಎಂದು ವಿವರಿಸಿದ. ಬಣ್ಣವನ್ನೂ ಆ ಪರೀಕ್ಷೆಗಾಗಿಯೇ ಬಳಿದಿದ್ದನೆಂದು ಹೇಳಿಬಿಡುವನೇನೋ ಎಂದು ಅವಳಿಗೆ ಅನ್ನಿಸಿತು. ಅಷ್ಟರವರೆಗೆ ಹೋಗಲಿಲ್ಲ.

ಅಕ್ಕ ಸೊಂಟದ ಮೇಲೆ ಕೈಯಿಟ್ಟಳು. "ಇಪ್ಪತ್ತೆರಡು ವರ್ಷ ಕಲಿಸಿದ್ದೀರಾ ಡಾಕ್ಟ್ರೇ? ಹಾಗಾದ್ರೆ ಡಿಪೋಗೆ ಅಷ್ಟನ್ನೇ ಬರ್ಕೊಡಿ. ನಾಳೆ ಕೊನೇ ದಿನ. ಇಲ್ಲೇ ಬರೀರಿ, ನಾವೂ ನೋಡ್ತೀವಿ, ಇಂಥ ಗುರುಗಳ ಅಕ್ಷರ ಹೇಗಿರುತ್ತೆ ಅಂತ."

ಕಾರಿನವನು, ಇನ್ನೂ ಲೋಟ ಹಿಡಿದೇ ಇದ್ದವನು, ಹೌದು ಸಾರ್, ಡಿಪೋದವರಿಗೂ ನಿಮ್ಮ ಹೆಸರು ಗೊತ್ತಾಗುತ್ತೆ ಎಂದ.

ಆ ಮಾತು ಕೆಲಸ ಮಾಡಿತು. ಹೆಂಡತಿ ಸೋಮವಾರ ಕೇಳಿದಾಗ ಕಾಣದ ದಾರಿ, ಈಗ ತನ್ನ ಹೆಸರು ಡಿಪೋದ ಮೇಜಿನ ಮೇಲೆ ಕೂರುತ್ತದೆ ಎಂದಾಗ ಅವನಿಗೆ ಕಂಡಿತು. ಅಂಗಡಿಯ ಹೆಸರು ಅಚ್ಚಾದ ಹಾಳೆ ತೆಗೆದ, ಗಲ್ಲಕ್ಕೆ ಪೆನ್ನು ಮುಟ್ಟಿಸಿಕೊಂಡು ಯೋಚಿಸಿದ, ಬರೆದ. ಬಹಳ ಹೊತ್ತು ಬರೆದ. ಊಟ ಆರಿತು. ಅತ್ತೆ ಬಾಗಿಲಿಗೆ ಬಂದು ನಿಂತು, ಮಗ ಸೀಲು ಒತ್ತುವುದನ್ನು ನೋಡಿ, ಮೂಗು ಮುರಿದು ಒಳಗೆ ಹೋದರು. ಮಾತ್ರೆಯನ್ನು ತಾವೇ ತೆಗೆದುಕೊಂಡು ನುಂಗಿದ ಸದ್ದು ಕೇಳಿಸಿತು.

ಅವಳು ಪತ್ರವನ್ನು ಓದಿದಳು. ಹದಿನಾಲ್ಕು ಸಾಲು. ಅದರಲ್ಲಿ ಹನ್ನೆರಡು ಸಾಲು, ಬಾಲ್ಯದಿಂದಲೇ ವಿದ್ಯುತ್ತಿನ ಮರ್ಮ ಒಲಿದಿದ್ದ, ನಾಲ್ಕು ಬೀದಿಗಳಲ್ಲಿ ಪ್ರಖ್ಯಾತನಾದ ತನ್ನ ವಿಷಯ. ಕೊನೆಯ ಎರಡು ಸಾಲಿನಲ್ಲಿ, ತನ್ನ ನೇರ ತರಬೇತಿಯಲ್ಲಿ ಇಪ್ಪತ್ತೆರಡು ವರ್ಷ ಈ ಅಂಗಡಿಯ ಎಲೆಕ್ಟ್ರಿಕಲ್ ಕೆಲಸ ಮಾಡಿದ ತನ್ನ ಧರ್ಮಪತ್ನಿ ಎಂದು ಅವಳು ಬಂದಿದ್ದಳು. ಪ್ರಖ್ಯಾತ ಎಂಬುದಕ್ಕೆ ಒತ್ತಕ್ಷರ ತಪ್ಪಿತ್ತು. ಹರಿದು ಮುಖಕ್ಕೆ ಎಸೆಯಬೇಕು ಅನ್ನಿಸಲಿಲ್ಲವೇ ಎಂದು ಲಾಂಡ್ರಿ ಅಕ್ಕ ಆಮೇಲೆ ಕೇಳಿದಾಗ, ಅನ್ನಿಸಲಿಲ್ಲ ಎಂದಳು. ಹರಿಯಬೇಕಾದರೆ ಆ ಮನುಷ್ಯನ ಮೇಲೆ ಸಿಟ್ಟಾದರೂ ಇರಬೇಕಲ್ಲ. ಇಂಥ ಹನ್ನೆರಡು ಸಾಲು ಬರೆದುಕೊಳ್ಳುವವನ ಮೇಲೆ ಯಾರು ಸಿಟ್ಟಾಗುತ್ತಾರೆ? ಪತ್ರವನ್ನು ಮಡಿಸಿ ಶಾಲೆಯ ಸರ್ಟಿಫಿಕೇಟಿನ ಜೊತೆ ಇಟ್ಟಳು.

ಶುಕ್ರವಾರ ಬೆಳಿಗ್ಗೆ ಅವಳು ಚಪ್ಪಲಿ ಮೆಟ್ಟುತ್ತಿದ್ದಾಗ, ಅಂಗಡಿಗೆ ಬಂದ ಒಂದು ಜೀಪಿನ ಹಾರ್ನ್ ತಾನಾಗಿ ಕೂಗುತ್ತಿದೆ ಎಂದು ಗಂಡ ಬಾಗಿಲ ಚೌಕಟ್ಟಿಗೆ ಹೇಳಿದ. ಸ್ಟೇರಿಂಗ್ ತಿರುಗಿಸಿದಾಗ ಮಾತ್ರ ಎಂದೂ ಸೇರಿಸಿದ. ಅವಳು ಚಪ್ಪಲಿಯ ಪಟ್ಟಿ ಬಿಗಿದು, ಅನ್ನದ ಪಾತ್ರೆ ಮುಚ್ಚಿಟ್ಟಿದೀನಿ ಎಂದಷ್ಟೇ ಹೇಳಿ ಹೊರಟಳು.

ಡಿಪೋದ ಕಿಟಕಿಯ ಮುಂದೆ ಮೂವತ್ತು ಗಂಡಸರ ಸಾಲು. ಒಂದೂವರೆ ಗಂಟೆ ನಿಂತ ಮೇಲೆ ಅವಳ ಸರದಿ ಬಂತು. ಕನ್ನಡಕದ ಗುಮಾಸ್ತ ವಯಸ್ಸಿನ ದಾಖಲೆ ನೋಡಿ, ಇನ್ನು ಹತ್ತೊಂಬತ್ತು ದಿನ ಇದೆ, ಪರವಾಗಿಲ್ಲ ಎಂದ. ಅನುಭವಪತ್ರ ಬಿಡಿಸಿ ಓದತೊಡಗಿದ. ಬಾಲ್ಯಕ್ಕೆ ಬಂದಾಗ ಹುಬ್ಬೇರಿಸಿದ. ನಾಲ್ಕು ಬೀದಿ ದಾಟುವಷ್ಟರಲ್ಲಿ ಕನ್ನಡಕ ತೆಗೆದ.

"ಇದು ನಿಮ್ಮ ಅರ್ಜಿನಾ ಅಮ್ಮಾ, ನಿಮ್ಮ ಯಜಮಾನ್ರದ್ದಾ?"

"ನಂದೇ ಸರ್," ಅಂದಳು. "ಅವರಿಗೆ ವಯಸ್ಸು ಮೀರಿದೆ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಗುಮಾಸ್ತ ನಗಲಿಲ್ಲ, ಅವನಿಗೆ ಇನ್ನೂ ಬಹಳ ಅರ್ಜಿಗಳಿದ್ದವು. ಕೆಂಪು ಪೆನ್ನು ತೆಗೆದು ಹನ್ನೆರಡು ಸಾಲನ್ನೂ ದಾಟಿ ಕೆಳಗೆ ಬಂದು, ಇಪ್ಪತ್ತೆರಡು ವರ್ಷ ಎಂಬುದರ ಸುತ್ತ ಒಂದು ಸೊನ್ನೆ ಸುತ್ತಿದ. ಸೀಲು ಇದೆಯೇ ಎಂದು ನೋಡಿದ. ಅರ್ಜಿಯ ಮೇಲೆ ನಂಬರ್ ಹಾಕಿ, ಚೀಟಿ ಹರಿದು ಕೊಟ್ಟು, ಮಂಗಳವಾರ ಹತ್ತು ಗಂಟೆಗೆ ಬನ್ನಿ, ಬಸ್ಸು ಹಿಂದಿನ ಶೆಡ್ಡಿನಲ್ಲಿ ನಿಂತಿರುತ್ತೆ ಎಂದ.

"ಏನು ತೊಂದರೆ ಅದಕ್ಕೆ?" ಎಂದು ಕೇಳಿದಳು ಅವಳು.

ಅದನ್ನ ನೀವು ಹೇಳಬೇಕು ಎಂದು ಗುಮಾಸ್ತ ಮುಂದಿನವನನ್ನು ಕರೆದ.